ಎಲೆಕ್ಟ್ರಿಕಲ್ ಮತ್ತು ಕಂಪ್ಯೂಟರ್ ಎಂಜಿನಿಯರಿಂಗ್‌ನ ಸಂಶೋಧನಾ ವಿದ್ಯಾರ್ಥಿ ಮಾಡುವುದಾದರೂ ಏನು?

ಎಲೆಕ್ಟ್ರಿಕಲ್ ಮತ್ತು ಕಂಪ್ಯೂಟರ್ ಎಂಜಿನಿಯರಿಂಗ್ ವಿಭಾಗವೊಂದರ ಸಂಶೋಧನಾ ವಿದ್ಯಾರ್ಥಿಗಳನ್ನು ಒಂದೆಡೆ ಕೂಡಿಸಿ ಅವರವರ ಕೆಲಸವೇನೆಂದು ಕೇಳಿದರೆ, ಇವರೆಲ್ಲ ಒಂದೇ ವಿಭಾಗಕ್ಕೆ ಸೇರಿದವರೆಂದು ನಂಬುವುದೇ ಕಷ್ಟವಾಗುತ್ತದೆ. ಒಬ್ಬಳು ಸೂಕ್ಷ್ಮದರ್ಶಕದ ಅಡಿಯಲ್ಲಿ ಚಿಪ್ ಮೇಲೆ ಸೂಜಿಮೊನೆಗಳನ್ನು ಇಳಿಸಿ, ಆಫ್ ಆಗಿರುವ ಟ್ರಾನ್ಸಿಸ್ಟರ್‌ನಿಂದ ಸೋರುವ ವಿದ್ಯುತ್ ಎಷ್ಟೆಂದು ಅಳೆಯುತ್ತಿರುತ್ತಾಳೆ. ಇನ್ನೊಬ್ಬ ಯಾವ ಉಪಕರಣವನ್ನೂ ಮುಟ್ಟದೆ, ಗದ್ದಲ (ಸಂದೇಶವನ್ನು ಕೆಡಿಸುವ ಅನಗತ್ಯ ಏರಿಳಿತ) ತುಂಬಿದ ಸಂಪರ್ಕ ಮಾರ್ಗದಲ್ಲಿ ಮಾಹಿತಿಯನ್ನು ಇಂತಿಷ್ಟಕ್ಕಿಂತ ವೇಗವಾಗಿ ಕಳುಹಿಸಲಾಗದು ಎಂಬ ಪ್ರಮೇಯವನ್ನು ಸಾಧಿಸಲು ತಿಂಗಳುಗಟ್ಟಲೆ ಹಾಳೆಗಳನ್ನು ತುಂಬಿಸುತ್ತಿರುತ್ತಾನೆ. ಮತ್ತೊಬ್ಬಳು ಪ್ರೊಸೆಸರ್‌ನ ಕ್ಯಾಶ್ ಮೆಮೊರಿಗೆ (ಮತ್ತೆ ಮತ್ತೆ ಬೇಕಾಗುವ ದತ್ತಾಂಶವನ್ನು ಹತ್ತಿರದಲ್ಲೇ ಇಟ್ಟುಕೊಳ್ಳುವ ಪುಟ್ಟ, ವೇಗದ ಮೆಮೊರಿಗೆ) ಹೊಸ ವ್ಯವಸ್ಥೆಯೊಂದನ್ನು ರೂಪಿಸುತ್ತಿರುತ್ತಾಳೆ, ಆದರೆ ಆ ಪ್ರೊಸೆಸರ್ ಇರುವುದು ಸಿಮ್ಯುಲೇಟರ್ ಎಂಬ ತಂತ್ರಾಂಶದೊಳಗೆ ಮಾತ್ರ. ಇನ್ನೂ ಒಬ್ಬ, ತಿರುಗುವ ಭಾರೀ ಜನರೇಟರ್‌ಗಳಿಗಿಂತ ಸೌರಫಲಕಗಳ ಇನ್ವರ್ಟರ್‌ಗಳೇ ಹೆಚ್ಚಾಗಿರುವ ವಿದ್ಯುತ್ ಜಾಲದಲ್ಲಿ ಆವರ್ತನವನ್ನು 50 ಅಥವಾ 60 ಹರ್ಟ್ಸ್‌ನ ಆಸುಪಾಸಿನಲ್ಲೇ ಹಿಡಿದಿಡುವುದು ಹೇಗೆಂದು ಲೆಕ್ಕ ಹಾಕುತ್ತಿರುತ್ತಾನೆ.

ಕೆಲಸದ ವಸ್ತು ಇಷ್ಟು ಬೇರೆಬೇರೆಯಾಗಿದ್ದರೂ ನಾಲ್ವರ ಮೇಲಿರುವ ಹೊಣೆ ಒಂದೇ. ತಮ್ಮ ಅವಧಿ ಮುಗಿಯುವ ಹೊತ್ತಿಗೆ ಪ್ರತಿಯೊಬ್ಬರೂ ಈ ಹಿಂದೆ ಯಾರೂ ಮುಂದಿಡದ ಒಂದು ಪ್ರತಿಪಾದನೆಯನ್ನು ಮಂಡಿಸಬೇಕು, ಅಳತೆಯಿಂದಲೋ ಗಣಿತದಿಂದಲೋ ಅದು ನಿಜವೆಂದು ತೋರಿಸಬೇಕು, ಮತ್ತು ತಮ್ಮ ಪರಿಚಯವೇ ಇಲ್ಲದ ಓದುಗನೊಬ್ಬ ಅದನ್ನು ತಾನಾಗಿಯೇ ಪರೀಕ್ಷಿಸಿ ನೋಡಲು ಸಾಧ್ಯವಾಗುವಂತೆ ಬರೆದಿಡಬೇಕು. ಹೊರಗಿನಿಂದ ನೋಡುವವರಿಗೆ ಸಂಶೋಧನೆಯೆಂದರೆ ಹೊಸದೊಂದು ಹೊಳೆಯುವ ಕ್ಷಣ ಎನ್ನಿಸುತ್ತದೆ. ಹೊಳೆಯುವುದು ಕೆಲವೊಮ್ಮೆ ಮೊದಲ ವರ್ಷದಲ್ಲೇ ಆಗಿಬಿಡುತ್ತದೆ. ಉಳಿದ ವರ್ಷಗಳು ಹೋಗುವುದು ಆ ಹೊಳಹನ್ನು ನಂಬಬಹುದೆಂದು ಮೊದಲು ತನಗೆ, ಆಮೇಲೆ ಇತರರಿಗೆ ಮನವರಿಕೆ ಮಾಡಿಕೊಡುವುದರಲ್ಲಿ. ಈ ಎರಡನೆಯ ಭಾಗದ ಬಗ್ಗೆ ಹೊರಗೆ ಯಾರೂ ಹೆಚ್ಚು ಮಾತನಾಡುವುದಿಲ್ಲವಾದ್ದರಿಂದ ಈ ಲೇಖನದ ಬಹುಪಾಲು ಅದಕ್ಕೇ ಮೀಸಲು.

ವಿದ್ಯಾರ್ಥಿಯೊಬ್ಬನ ಕೆಲಸದಿಂದ ಇಡೀ ಕ್ಷೇತ್ರದ ದಿಕ್ಕೇ ಬದಲಾದ ನಿದರ್ಶನಗಳು ಇಲ್ಲಿ ಹೇರಳವಾಗಿವೆ. ಕ್ಲಾಡ್ ಶಾನನ್ 1937ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ, ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ (ಎಂಐಟಿ) ಸ್ನಾತಕೋತ್ತರ ಪ್ರಬಂಧದಲ್ಲಿ, ರಿಲೇ ಸ್ವಿಚ್‌ಗಳ ಜೋಡಣೆಯನ್ನು ಬೂಲ್‌ನ ತರ್ಕಗಣಿತದಿಂದ (ನಿಜ, ಸುಳ್ಳು ಎಂಬ ಎರಡೇ ಬೆಲೆಗಳ ಗಣಿತದಿಂದ) ವಿವರಿಸಬಹುದೆಂದು ತೋರಿಸಿದನು. ಅಲ್ಲಿಯವರೆಗೆ ಅನುಭವ ಮತ್ತು ಕೈಚಳಕದಿಂದ ನಡೆಯುತ್ತಿದ್ದ ಸರ್ಕ್ಯೂಟ್ ವಿನ್ಯಾಸ ಅಲ್ಲಿಂದ ಮುಂದೆ ಲೆಕ್ಕ ಮಾಡಿ ಸರಳಗೊಳಿಸಬಹುದಾದ ಸಂಗತಿಯಾಯಿತು. 1951ರಲ್ಲಿ ಅದೇ ಸಂಸ್ಥೆಯಲ್ಲಿ ಡೇವಿಡ್ ಹಫ್‌ಮನ್, ಅಂತಿಮ ಪರೀಕ್ಷೆಯ ಬದಲಿಗೆ ಬರೆಯಬಹುದಾದ ಪ್ರಬಂಧವನ್ನು ಆರಿಸಿಕೊಂಡು, ಅತ್ಯಂತ ಚಿಕ್ಕ ಸಂಕೇತಪದಗಳನ್ನು ಕಟ್ಟುವ ಕ್ರಮವನ್ನು ಕಂಡುಹಿಡಿದನು. ಜೇಪೆಗ್ ಚಿತ್ರಗಳಲ್ಲಿಯೂ ಜಿಪ್ ಕಡತಗಳಲ್ಲಿಯೂ ಇಂದಿಗೂ ಕೆಲಸ ಮಾಡುತ್ತಿರುವುದು ಆ ಕ್ರಮವೇ. ಇಂಥ ಕಥೆಗಳು ಹುರಿದುಂಬಿಸುತ್ತವೆ, ನಿಜ. ಆದರೆ ಬಹುತೇಕ ವಿದ್ಯಾರ್ಥಿಗಳ ದಿನಚರಿ ಹೇಗಿರುತ್ತದೆಂದು ತಿಳಿಯಲು ಅವು ನೆರವಾಗುವುದಿಲ್ಲ. ಅದಕ್ಕೆ ಸಾಮಾನ್ಯವಾದ ಒಂದು ಸಮಸ್ಯೆಯನ್ನೇ ಎತ್ತಿಕೊಂಡು ಒಳಹೊಕ್ಕು ನೋಡಬೇಕು.

ಅನಲಾಗ್-ಡಿಜಿಟಲ್ ಪರಿವರ್ತಕವನ್ನು ತೆಗೆದುಕೊಳ್ಳೋಣ. ಮೈಕ್ರೊಫೋನ್, ಕ್ಯಾಮೆರಾ, ಹೃದಯದ ಬಡಿತ ಅಳೆಯುವ ಉಪಕರಣ, ಮೊಬೈಲ್ ಫೋನಿನ ಆಂಟೆನಾ ಇವೆಲ್ಲವೂ ಕೊಡುವುದು ನಿರಂತರವಾಗಿ ಏರಿಳಿಯುವ ವೋಲ್ಟೇಜನ್ನು. ಪ್ರೊಸೆಸರ್‌ಗೆ ಬೇಕಾದದ್ದು ಸಂಖ್ಯೆ. ನಡುವಿನ ಕೆಲಸ ಈ ಪರಿವರ್ತಕದ್ದು. ಹೊಸದಾಗಿ ಸೇರಿದ ವಿದ್ಯಾರ್ಥಿನಿಯೊಬ್ಬಳು “ಕಡಿಮೆ ವಿದ್ಯುತ್ ಬಳಸುವ ಒಳ್ಳೆಯ ಪರಿವರ್ತಕವನ್ನು ಮಾಡುತ್ತೇನೆ” ಎಂದು ಹೊರಟರೆ ಅದು ಇನ್ನೂ ಸಂಶೋಧನೆಯ ಪ್ರಶ್ನೆಯಾಗಿಲ್ಲ, ಕೇವಲ ಆಸೆಯಾಗಿದೆ. ಆಸೆಯನ್ನು ಪ್ರಶ್ನೆಯಾಗಿಸಬೇಕಾದರೆ ಪ್ರಕೃತಿ ಎಲ್ಲಿ ಅಡ್ಡ ನಿಲ್ಲುತ್ತದೆ ಎಂಬುದನ್ನು ಮೊದಲು ಕಂಡುಕೊಳ್ಳಬೇಕು.

ಪರಿವರ್ತಕವು ಮಾಡುವ ಮೊದಲ ಕೆಲಸ, ಆ ಕ್ಷಣದ ವೋಲ್ಟೇಜನ್ನು ಒಂದು ಪುಟ್ಟ ಕೆಪಾಸಿಟರ್‌ನಲ್ಲಿ (ವಿದ್ಯುದಾವೇಶವನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗದಲ್ಲಿ) ಹಿಡಿದಿಡುವುದು. ಹಿಡಿಯಲು ಬಳಸುವ ಸ್ವಿಚ್‌ಗೆ ಸ್ವಲ್ಪವಾದರೂ ರೋಧ ಇದ್ದೇ ಇರುತ್ತದೆ, ರೋಧವಿದ್ದಲ್ಲಿ ಎಲೆಕ್ಟ್ರಾನ್‌ಗಳ ಉಷ್ಣಚಲನೆಯಿಂದ ಹುಟ್ಟುವ ಗದ್ದಲವೂ ಇರುತ್ತದೆ. ವಿಚಿತ್ರವೆಂದರೆ ಲೆಕ್ಕ ಮಾಡಿ ನೋಡಿದಾಗ ಕೊನೆಯಲ್ಲಿ ಆ ರೋಧದ ಬೆಲೆ ಸೂತ್ರದಿಂದಲೇ ಕಳಚಿಹೋಗಿ, ಗದ್ದಲದ ಪ್ರಮಾಣವು ತಾಪಮಾನ ಮತ್ತು ಕೆಪಾಸಿಟರ್‌ನ ಗಾತ್ರ ಇವೆರಡನ್ನೇ ಅವಲಂಬಿಸಿ ಉಳಿಯುತ್ತದೆ. ಕೋಣೆಯ ತಾಪಮಾನದಲ್ಲಿ 1 ಪಿಕೋಫ್ಯಾರಡ್ ಕೆಪಾಸಿಟರ್‌ನಲ್ಲಿ ಅದು ಸುಮಾರು 64 ಮೈಕ್ರೋವೋಲ್ಟ್. ಈಗ 1 ವೋಲ್ಟ್ ವ್ಯಾಪ್ತಿಯನ್ನು 12 ಬಿಟ್‌ಗಳಲ್ಲಿ ಅಳೆಯಬೇಕೆಂದುಕೊಳ್ಳಿ. 12 ಬಿಟ್ ಎಂದರೆ 4096 ಮೆಟ್ಟಿಲು, ಒಂದೊಂದು ಮೆಟ್ಟಿಲಿನ ಎತ್ತರ ಸುಮಾರು 244 ಮೈಕ್ರೋವೋಲ್ಟ್. ಮೆಟ್ಟಿಲುಗಳ ನಡುವಿನ ಬೆಲೆಗಳನ್ನು ಹತ್ತಿರದ ಮೆಟ್ಟಿಲಿಗೆ ತಳ್ಳುವುದರಿಂದ ಬರುವ ದೋಷದ ಸರಾಸರಿ ಪ್ರಮಾಣ ಸುಮಾರು 70 ಮೈಕ್ರೋವೋಲ್ಟ್ ಆಗುತ್ತದೆ. ಅಂದರೆ 1 ಪಿಕೋಫ್ಯಾರಡ್ ಬಳಸಿದಲ್ಲಿ ಉಷ್ಣಗದ್ದಲವೂ ಮೆಟ್ಟಿಲಿನ ದೋಷವೂ ಹೆಚ್ಚುಕಡಿಮೆ ಸರಿಸಮ. ಇನ್ನೊಂದು ಬಿಟ್ ನಿಖರತೆ ಬೇಕೆಂದರೆ ಗದ್ದಲವನ್ನು ಅರ್ಧಕ್ಕೆ ಇಳಿಸಬೇಕು, ಅದಕ್ಕೆ ಕೆಪಾಸಿಟರನ್ನು 4 ಪಟ್ಟು ದೊಡ್ಡದು ಮಾಡಬೇಕು, ದೊಡ್ಡ ಕೆಪಾಸಿಟರನ್ನು ತುಂಬಿಸಲು ಅಷ್ಟೇ ಪಟ್ಟು ಹೆಚ್ಚು ಶಕ್ತಿಯನ್ನು ತೆರಬೇಕು. 12ರಿಂದ 16 ಬಿಟ್‌ಗೆ ಏರುವುದೆಂದರೆ 256 ಪಟ್ಟು. ಎಷ್ಟೇ ಜಾಣ ಸರ್ಕ್ಯೂಟ್ ಬರೆದರೂ ಕೆಪಾಸಿಟರ್‌ನ ಈ ಲೆಕ್ಕದೊಂದಿಗೆ ಸೆಣಸಲೇಬೇಕು.

ಮಿತಿ ಎಲ್ಲಿದೆಯೆಂದು ತಿಳಿದ ಮೇಲೆ ಪ್ರಶ್ನೆ ತಾನಾಗಿಯೇ ಕಿರಿದಾಗುತ್ತದೆ. ಇಂದಿನ ಅನೇಕ ಪರಿವರ್ತಕಗಳು ತಕ್ಕಡಿಯಲ್ಲಿ ತೂಗುವ ಕ್ರಮವನ್ನೇ ಅನುಸರಿಸುತ್ತವೆ: ಮೊದಲು ಅರ್ಧದ ಬಟ್ಟನ್ನಿಟ್ಟು ಹೆಚ್ಚೋ ಕಡಿಮೆಯೋ ನೋಡುವುದು, ಆಮೇಲೆ ಕಾಲಿನದು, ಆಮೇಲೆ ಅರೆಕಾಲಿನದು, ಹೀಗೆ 12 ಹೋಲಿಕೆಗಳಲ್ಲಿ 12 ಬಿಟ್‌ಗಳ ಉತ್ತರ. ಇಲ್ಲಿ ಬಟ್ಟುಗಳ ಸ್ಥಾನದಲ್ಲಿರುವುದು ಕೆಪಾಸಿಟರ್‌ಗಳು. ಅತಿ ದೊಡ್ಡದು ಅತಿ ಚಿಕ್ಕದರ 2048 ಪಟ್ಟು ಇರಬೇಕು, ಆ ಅನುಪಾತವು ಕೆಡಬಾರದು. ತಯಾರಿಕೆಯಲ್ಲಿ ಅದು ಅಲ್ಪಸ್ವಲ್ಪ ಕೆಟ್ಟೇ ಕೆಡುತ್ತದೆ. ಅನುಪಾತ ಸರಿಯಿರಲೆಂದು ಎಲ್ಲ ಕೆಪಾಸಿಟರ್‌ಗಳನ್ನೂ ಅಗತ್ಯಕ್ಕಿಂತ ದೊಡ್ಡದಾಗಿ ಮಾಡುವುದು ಹಳೆಯ ದಾರಿ. ಅವುಗಳನ್ನು ಚಿಕ್ಕದಾಗಿಯೇ ಇಟ್ಟು, ತಪ್ಪಾಗಲು ಬಿಟ್ಟು, ಒಂದೆರಡು ಹೆಚ್ಚುವರಿ ಹೋಲಿಕೆಗಳ ಮೂಲಕ ಆ ತಪ್ಪನ್ನು ಗುರುತಿಸಿ ಕೊನೆಯಲ್ಲಿ ಡಿಜಿಟಲ್ ಲೆಕ್ಕದಿಂದ ತಿದ್ದುವುದು ಇನ್ನೊಂದು ದಾರಿ. ಈಗ ವಿದ್ಯಾರ್ಥಿನಿಯ ಪ್ರಶ್ನೆ ಹೀಗೆ ರೂಪುಗೊಳ್ಳುತ್ತದೆ: ಪರಿವರ್ತಕ ತನ್ನ ಕೆಲಸದಲ್ಲಿರುವಾಗಲೇ, ಅದನ್ನು ನಿಲ್ಲಿಸದೆ, ಈ ತಪ್ಪುಗಳನ್ನು ಕಲಿತು ತಿದ್ದಲು ಸಾಧ್ಯವೇ, ಮತ್ತು ತಿದ್ದುವುದಕ್ಕೆ ಖರ್ಚಾಗುವ ಶಕ್ತಿಯು ಕೆಪಾಸಿಟರ್‌ಗಳನ್ನು ಕಿರಿದಾಗಿಸಿ ಉಳಿಸಿದ ಶಕ್ತಿಗಿಂತ ಕಡಿಮೆಯಿರುತ್ತದೆಯೇ? ಇದಕ್ಕೆ ಹೌದು ಅಥವಾ ಅಲ್ಲ ಎಂಬ ಉತ್ತರವಿದೆ, ಉತ್ತರವನ್ನು ಅಳೆಯಬಹುದು. ಇಲ್ಲಿಗೆ ಬಂದು ತಲುಪಲು ಬಹಳ ಮಂದಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ, ಮತ್ತು ಆ ಕಾಲವನ್ನು ವ್ಯರ್ಥವೆಂದು ಎಣಿಸುವುದು ದೊಡ್ಡ ಅನ್ಯಾಯ.

ಒಳ್ಳೆಯ ಪ್ರಶ್ನೆಗೆ ಒಳ್ಳೆಯ ಅಳತೆಗೋಲೂ ಬೇಕು. ಪರಿವರ್ತಕಗಳ ವಿಷಯದಲ್ಲಿ ರಾಬರ್ಟ್ ವಾಲ್ಡನ್ 1999ರಲ್ಲಿ ಪ್ರಕಟಿಸಿದ ಸಮೀಕ್ಷೆಯಿಂದ ಹೆಸರು ಪಡೆದ ಅಳತೆಗೋಲೊಂದು ಬಳಕೆಯಲ್ಲಿದೆ: ಒಟ್ಟು ವಿದ್ಯುತ್ ಬಳಕೆಯನ್ನು ಮೆಟ್ಟಿಲುಗಳ ಸಂಖ್ಯೆಯಿಂದಲೂ ಸೆಕೆಂಡಿಗೆ ತೆಗೆದುಕೊಳ್ಳುವ ಮಾದರಿಗಳ ಸಂಖ್ಯೆಯಿಂದಲೂ ಭಾಗಿಸಿದರೆ, ಒಂದು ಮೆಟ್ಟಿಲಿಗೆ ತಗಲುವ ಶಕ್ತಿ ಸಿಗುತ್ತದೆ. 1 ಮಿಲಿವ್ಯಾಟ್ ಬಳಸಿ, ಸೆಕೆಂಡಿಗೆ 1 ಕೋಟಿ ಮಾದರಿಗಳನ್ನು, 10 ಬಿಟ್‌ಗಳ ನಿಜವಾದ ನಿಖರತೆಯಲ್ಲಿ ಕೊಡುವ ಪರಿವರ್ತಕಕ್ಕೆ ಇದು ಸುಮಾರು 98 ಫೆಮ್ಟೋಜೌಲ್. ಇಲ್ಲಿ “ನಿಜವಾದ ನಿಖರತೆ” ಎನ್ನುವಾಗ ಚಿಪ್‌ನಿಂದ ಹೊರಬರುವ ತಂತಿಗಳ ಲೆಕ್ಕ ಹಿಡಿಯುವಂತಿಲ್ಲ. ಗದ್ದಲ ಮತ್ತು ವಿಕೃತಿಗಳನ್ನೆಲ್ಲ ಕಳೆದ ಮೇಲೆ ಉಳಿಯುವ ಬಿಟ್‌ಗಳೆಷ್ಟೋ ಅಷ್ಟನ್ನೇ ಎಣಿಸಬೇಕು. ಇಂಥ ಸಂಖ್ಯೆಗಳನ್ನು ಬೋರಿಸ್ ಮರ್ಮನ್ ಎಂಬ ಪ್ರಾಧ್ಯಾಪಕರು ಪ್ರಮುಖ ಸಮ್ಮೇಳನಗಳ 1997ರಿಂದ ಈಚಿನ ಪ್ರಬಂಧಗಳಿಂದ ಕಲೆಹಾಕಿ ಎಲ್ಲರಿಗೂ ಮುಕ್ತವಾಗಿ ಇಟ್ಟಿದ್ದಾರೆ. ಹೊಸ ವಿದ್ಯಾರ್ಥಿಯು ಆ ನಕ್ಷೆಯ ಮೇಲೆ ತನ್ನ ಚುಕ್ಕಿ ಎಲ್ಲಿ ಬೀಳಬೇಕೆಂದು ಮೊದಲೇ ಗುರುತಿಸಿಕೊಳ್ಳಬಹುದು. ಎಲ್ಲ ಉಪಕ್ಷೇತ್ರಗಳಿಗೂ ಇಂಥ ಸೌಲಭ್ಯವಿಲ್ಲ, ಇರುವವರು ಪುಣ್ಯವಂತರು.

ಮುಂದಿನದು ಕಟ್ಟುವ ಹಂತ. ಸರ್ಕ್ಯೂಟನ್ನು ಮೊದಲು ಸಿಮ್ಯುಲೇಟರ್‌ನಲ್ಲಿ ಪರೀಕ್ಷಿಸಲಾಗುತ್ತದೆ. ಇದಕ್ಕಾಗಿ ಜಗತ್ತೇ ಬಳಸುವ ತಂತ್ರಾಂಶಗಳ ಮೂಲಪುರುಷ ಸ್ಪೈಸ್. ಅದು ಕೂಡ ವಿದ್ಯಾರ್ಥಿಯ ಕೆಲಸವೇ: ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ನೇಗಲ್, ಡೊನಾಲ್ಡ್ ಪೆಡರ್‌ಸನ್ ಅವರ ಮಾರ್ಗದರ್ಶನದಲ್ಲಿ 1970ರ ದಶಕದ ಆರಂಭದಲ್ಲಿ ಅದನ್ನು ಬರೆದರು. 1973ರಲ್ಲಿ ಅದು ಮೊದಲ ಬಾರಿಗೆ ಹೊರಬಂದಿತು, ಮುಕ್ತವಾಗಿ ಹಂಚಲ್ಪಟ್ಟಿದ್ದರಿಂದ ಎಲ್ಲೆಡೆ ಬೇರೂರಿತು. ಸಿಮ್ಯುಲೇಶನ್ ಚೆನ್ನಾಗಿ ಬಂದ ಮೇಲೆ ಲೇಔಟ್, ಅಂದರೆ ಒಂದೊಂದು ಟ್ರಾನ್ಸಿಸ್ಟರ್ ಮತ್ತು ಲೋಹದ ಪಟ್ಟಿಯ ಆಕಾರವನ್ನು ಬಿಡಿಸುವ ಕೆಲಸ. ಬಿಡಿಸಿದ ಪಟ್ಟಿಗಳ ನಡುವೆ ನಾವು ಕೇಳದೆಯೇ ಹುಟ್ಟಿಕೊಳ್ಳುವ ಧಾರಕತ್ವ ಮತ್ತು ರೋಧಗಳನ್ನು ಸೇರಿಸಿ ಮತ್ತೆ ಸಿಮ್ಯುಲೇಶನ್ ನಡೆಸಿದಾಗ, ಹಿಂದಿನ ವಾರ ಸೊಗಸಾಗಿ ನಡೆಯುತ್ತಿದ್ದ ಸರ್ಕ್ಯೂಟ್ ನೆಲಕಚ್ಚುವುದು ಈ ವೃತ್ತಿಯಲ್ಲಿ ಎಲ್ಲರೂ ಬಲ್ಲ ಅನುಭವ. ಕೊನೆಗೆ ವಿನ್ಯಾಸದ ಕಡತವನ್ನು ತಯಾರಿಕಾ ಘಟಕಕ್ಕೆ ಕಳುಹಿಸುವುದಕ್ಕೆ ಟೇಪ್-ಔಟ್ ಎನ್ನುತ್ತಾರೆ. ಒಂದು ಇಡೀ ಸಿಲಿಕಾನ್ ಬಿಲ್ಲೆಯ ಖರ್ಚನ್ನು ಒಂದು ಪ್ರಯೋಗಾಲಯ ಭರಿಸಲಾರದು. ಹಾಗಾಗಿ ಹಲವರ ವಿನ್ಯಾಸಗಳನ್ನು ಒಂದೇ ಬಿಲ್ಲೆಯ ಮೇಲೆ ಅಚ್ಚುಹಾಕುವ ವ್ಯವಸ್ಥೆ ಇದೆ. ಅಮೆರಿಕದಲ್ಲಿ 1981ರಲ್ಲಿ ಆರಂಭವಾದ ಮೋಸಿಸ್ ಸೇವೆ ಈ ದಾರಿಯನ್ನು ವಿಶ್ವವಿದ್ಯಾಲಯಗಳಿಗೆ ತೆರೆಯಿತು. ಆ ಸರದಿಯ ದಿನಾಂಕ ತಪ್ಪಿದರೆ ಮುಂದಿನ ಸರದಿಗೆ ತಿಂಗಳುಗಟ್ಟಲೆ ಕಾಯಬೇಕು, ಕಳುಹಿಸಿದ ಮೇಲೆಯೂ ಚಿಪ್ ಕೈಗೆ ಬರಲು ತಿಂಗಳುಗಳೇ ಬೇಕು. ಒಮ್ಮೆ ಅಚ್ಚಾದ ತಪ್ಪನ್ನು ಅಳಿಸಿ ಬರೆಯುವಂತಿಲ್ಲ.

ಚಿಪ್ ಬಂದ ದಿನ ಕೆಲಸ ಮುಗಿದಂತೆ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ಎಂಜಿನಿಯರಿಂಗ್ ಸಂಶೋಧನೆಯ ಅತ್ಯಂತ ಶ್ರೀಮಂತವಾದ ಭಾಗ ಆಗಲೇ ಶುರುವಾಗುವುದು. ಪರಿವರ್ತಕವನ್ನು ಪರೀಕ್ಷಿಸಲು ಅದಕ್ಕೆ ಶುದ್ಧವಾದ ಸೈನ್ ತರಂಗವೊಂದನ್ನು ಕೊಟ್ಟು, ಹೊರಬಂದ ಸಂಖ್ಯೆಗಳ ಆವರ್ತನ ರೋಹಿತವನ್ನು (ಯಾವ ಆವರ್ತನದಲ್ಲಿ ಎಷ್ಟು ಬಲವಿದೆ ಎಂದು ತೋರಿಸುವ ನಕ್ಷೆಯನ್ನು) ತೆಗೆಯುತ್ತಾರೆ. ರೋಹಿತದಲ್ಲಿ ಒಂದೇ ಒಂದು ಎತ್ತರದ ಗೆರೆ ಇರಬೇಕು, ಉಳಿದದ್ದೆಲ್ಲ ಸಮತಟ್ಟಾದ ಗದ್ದಲದ ನೆಲವಾಗಿರಬೇಕು. ಆದರೆ ಪ್ರಯೋಗಾಲಯದ ಸಿಗ್ನಲ್ ಜನರೇಟರ್ ಕೊಡುವ ತರಂಗವೇ ಅನೇಕ ಸಲ ಪರೀಕ್ಷೆಗೊಳಗಾದ ಚಿಪ್‌ಗಿಂತ ಹೆಚ್ಚು ವಿಕೃತವಾಗಿರುತ್ತದೆ, ಅದನ್ನು ಕಿರಿದಾದ ಫಿಲ್ಟರ್ ಮೂಲಕ ಹಾಯಿಸಿ ಶುದ್ಧಗೊಳಿಸಬೇಕಾಗುತ್ತದೆ. ಮಾದರಿ ತೆಗೆಯುವ ಕ್ಷಣವನ್ನು ನಿರ್ಧರಿಸುವ ಗಡಿಯಾರದ ತರಂಗವೂ ಅಲುಗಾಡುವಂತಿಲ್ಲ. 100 ಮೆಗಾಹರ್ಟ್ಸ್ ತರಂಗವನ್ನು 12 ಬಿಟ್ ನಿಖರತೆಯಲ್ಲಿ ಅಳೆಯಬೇಕಾದರೆ ಆ ಕ್ಷಣದ ಅಲುಗಾಟವು ಒಂದು ಪಿಕೋಸೆಕೆಂಡಿನ ಮೂರನೆಯ ಒಂದು ಭಾಗವನ್ನು ಮೀರಬಾರದು. ಅಷ್ಟು ಹೊತ್ತಿನಲ್ಲಿ ಬೆಳಕು ಕೂಡ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೇ ಮುಂದೆ ಸಾಗಿರುತ್ತದೆ.

ಇಷ್ಟೆಲ್ಲ ಸಜ್ಜುಗೊಳಿಸಿದ ಮೇಲೂ ರೋಹಿತದಲ್ಲಿ ಯಾರೂ ಕರೆಯದ ಗೆರೆಗಳು ತಲೆಯೆತ್ತುತ್ತವೆ. ಒಂದೊಂದು ಗೆರೆಯೂ ಒಂದೊಂದು ಸುಳಿವು. ಮೂಲ ತರಂಗದ ಮೂರು ಪಟ್ಟು ಆವರ್ತನದಲ್ಲಿ ಗೆರೆ ಕಂಡರೆ ಸರ್ಕ್ಯೂಟಿನ ವಕ್ರತೆಯನ್ನು (ಒಳಬಂದದ್ದಕ್ಕೆ ಸಮಪ್ರಮಾಣದಲ್ಲಿ ಹೊರಕೊಡದಿರುವುದನ್ನು) ಸಂಶಯಿಸಬೇಕು. ಮೂಲ ಗೆರೆಯ ಎರಡೂ ಬದಿಗೆ ಸಮದೂರದಲ್ಲಿ, ವಿದ್ಯುತ್ ಸರಬರಾಜಿನ ಆವರ್ತನದಷ್ಟೇ ಅಂತರದಲ್ಲಿ ಚಿಕ್ಕ ಗೆರೆಗಳು ಕಂಡರೆ, ಚಿಪ್‌ಗೆ ಹೋಗುತ್ತಿರುವ ವಿದ್ಯುತ್ತಿನಲ್ಲೋ ಗಡಿಯಾರದಲ್ಲೋ ಗೋಡೆಯ ವಿದ್ಯುತ್ ನುಸುಳುತ್ತಿದೆ ಎಂದರ್ಥ. ಆಗ ಲ್ಯಾಪ್‌ಟಾಪಿನ ಚಾರ್ಜರ್ ಕಳಚಿ ನೋಡುತ್ತಾರೆ, ಚಿಪ್‌ನ ಬೋರ್ಡನ್ನು ಬ್ಯಾಟರಿಯಿಂದ ನಡೆಸಿ ನೋಡುತ್ತಾರೆ, ಎರಡು ಉಪಕರಣಗಳ ನೆಲದ ತಂತಿಗಳು ಸೇರಿ ಉಂಗುರವಾಗಿದೆಯೇ ಎಂದು ಕೇಬಲ್ ಹಿಡಿದು ಹುಡುಕುತ್ತಾರೆ. ಗೆರೆ ಮಾಯವಾದರೆ ದೋಷ ಹೊರಗಿನದು, ಮಾಯವಾಗದಿದ್ದರೆ ಚಿಪ್‌ನದೇ. ತನ್ನ ಚಿಪ್‌ನ ದೋಷವನ್ನು ಉಪಕರಣದ ದೋಷದಿಂದ ಬೇರ್ಪಡಿಸಲಾಗದವರು ಯಾವ ಸಂಖ್ಯೆಯನ್ನೂ ಪ್ರಕಟಿಸುವಂತಿಲ್ಲ. ಸಂಖ್ಯೆ ಚೆನ್ನಾಗಿ ಬಂದಾಗಲೂ ಇದೇ ಶಿಸ್ತು ಬೇಕು, ಏಕೆಂದರೆ ನಿರೀಕ್ಷೆಗಿಂತ ಚೆನ್ನಾದ ಫಲಿತಾಂಶ ಅನೇಕ ಬಾರಿ ಅಳತೆಯ ತಪ್ಪಿನ ಇನ್ನೊಂದು ರೂಪ. ಎಷ್ಟು ಚಿಪ್‌ಗಳನ್ನು ಅಳೆದರು, ಯಾವ ತಾಪಮಾನದಲ್ಲಿ, ಯಾವ ವೋಲ್ಟೇಜಿನಲ್ಲಿ, ಡಿಜಿಟಲ್ ತಿದ್ದುಪಡಿಯ ಲೆಕ್ಕ ಚಿಪ್ ಒಳಗೇ ನಡೆಯಿತೋ ಹೊರಗಿನ ಕಂಪ್ಯೂಟರಿನಲ್ಲೋ ಎಂಬ ವಿವರಗಳನ್ನು ಪ್ರಬಂಧದಲ್ಲಿ ಹುಡುಕುವ ಓದುಗನೇ ಒಳ್ಳೆಯ ಓದುಗ. ಲೆಕ್ಕ ಹೊರಗೆ ನಡೆದು, ಅದಕ್ಕೆ ತಗಲಿದ ವಿದ್ಯುತ್ತನ್ನು ಎಣಿಸದೆ ಬಿಟ್ಟಿದ್ದರೆ 98 ಫೆಮ್ಟೋಜೌಲ್ ಎಂಬ ಸಂಖ್ಯೆಯ ಅರ್ಥವೇ ಬೇರೆಯಾಗುತ್ತದೆ.

ಉಪಕರಣವಿಲ್ಲದೆ ಸಂಶೋಧನೆ ಮಾಡುವವರ ಕಷ್ಟ ಇನ್ನೊಂದು ಬಗೆಯದು. 1948ರಲ್ಲಿ ಶಾನನ್, ಪ್ರತಿ ಸಂಪರ್ಕ ಮಾರ್ಗಕ್ಕೂ ಒಂದು ಗರಿಷ್ಠ ವೇಗವಿದೆಯೆಂದೂ ಅದಕ್ಕಿಂತ ಕಡಿಮೆ ವೇಗದಲ್ಲಿ ಕಳುಹಿಸಿದರೆ ದೋಷವನ್ನು ಬೇಕಾದಷ್ಟು ಕುಗ್ಗಿಸಬಹುದೆಂದೂ ಸಾಧಿಸಿ ತೋರಿಸಿದನು. ಆದರೆ ಹಾಗೆ ಕುಗ್ಗಿಸುವ, ಬಳಸಲು ಯೋಗ್ಯವಾದ ಸಂಕೇತವನ್ನು (ಸಂದೇಶವನ್ನು ಬಿಟ್‌ಗಳಾಗಿ ಜೋಡಿಸುವ ಕ್ರಮವನ್ನು) ಕಟ್ಟುವುದು ಹೇಗೆಂದು ಆ ಸಾಧನೆ ಹೇಳಲಿಲ್ಲ. 1960ರಲ್ಲಿ ಎಂಐಟಿಯ ರಾಬರ್ಟ್ ಗ್ಯಾಲಗರ್ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಒಂದು ದಾರಿಯನ್ನು ಮುಂದಿಟ್ಟರು. ಸಂದೇಶದ ಬಿಟ್‌ಗಳ ಮೇಲೆ ಅನೇಕ ಸಣ್ಣ ತಾಳೆಗಳನ್ನು (ಬಿಟ್‌ಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವ ಪರೀಕ್ಷೆಗಳನ್ನು) ಹೇರುವುದು, ಪ್ರತಿ ತಾಳೆಯಲ್ಲಿಯೂ ಕೆಲವೇ ಬಿಟ್‌ಗಳು ಭಾಗವಹಿಸುವುದು, ಸ್ವೀಕರಿಸುವ ಕಡೆಯಲ್ಲಿ ಬಿಟ್‌ಗಳೂ ತಾಳೆಗಳೂ ತಮ್ಮ ತಮ್ಮ ಊಹೆಯನ್ನು ಸುತ್ತುಸುತ್ತಾಗಿ ಹಂಚಿಕೊಳ್ಳುತ್ತ ಕ್ರಮೇಣ ಒಮ್ಮತಕ್ಕೆ ಬರುವುದು. ಕಲ್ಪನೆ ಸರಿಯಾಗಿತ್ತು, ಆದರೆ ಅಷ್ಟು ಲೆಕ್ಕ ಮಾಡುವ ಯಂತ್ರಾಂಶ ಆ ಕಾಲದಲ್ಲಿ ಕೈಗೆಟಕುವಂತಿರಲಿಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಅದನ್ನು ಬಹುತೇಕ ಎಲ್ಲರೂ ಮರೆತರು.

1993ರಲ್ಲಿ ಕ್ಲೋಡ್ ಬೆರೂ, ಅಲೆನ್ ಗ್ಲವಿಯೂ ಮತ್ತು ಪುನ್ಯಾ ತಿತಿಮಜ್‌ಶಿಮಾ ಅವರು ಜಿನೀವಾದ ಸಮ್ಮೇಳನದಲ್ಲಿ ಟರ್ಬೊ ಸಂಕೇತಗಳನ್ನು ಮಂಡಿಸಿ, ಶಾನನ್ ಸಾಧಿಸಿದ್ದ ಆ ಗರಿಷ್ಠ ಮಿತಿಗೆ ಒಂದು ಡೆಸಿಬೆಲ್‌ಗಿಂತ (ಡೆಸಿಬೆಲ್ ಎಂದರೆ ಬಲದ ಅನುಪಾತದ ಅಳತೆ) ಕಡಿಮೆ ಅಂತರದಲ್ಲಿ ನಿಲ್ಲಬಹುದೆಂದು ತೋರಿಸಿದರು. ಅವರ ವಿಧಾನದಲ್ಲಿಯೂ ಊಹೆಗಳನ್ನು ಸುತ್ತುಸುತ್ತಾಗಿ ಹಂಚಿಕೊಳ್ಳುವುದೇ ತಿರುಳಾಗಿತ್ತು. ಅದರ ಬೆನ್ನಲ್ಲೇ, 1990ರ ದಶಕದ ನಡುವಿನಲ್ಲಿ ಡೇವಿಡ್ ಮೆಕೈ ಮತ್ತು ರಾಡ್‌ಫರ್ಡ್ ನೀಲ್ ಅವರು ಗ್ಯಾಲಗರ್ ಸಂಕೇತಗಳ ಬಲವನ್ನು ಮತ್ತೆ ಬೆಳಕಿಗೆ ತಂದರು. ಇಂದು 5ಜಿ ಜಾಲದಲ್ಲಿ ನಮ್ಮ ದತ್ತಾಂಶ ಸಾಗುವುದು ಆ ಕುಟುಂಬಕ್ಕೆ ಸೇರಿದ ಸಂಕೇತಗಳ ಮೇಲೆಯೇ. ಅದೇ ಜಾಲದ ನಿಯಂತ್ರಣ ಸಂದೇಶಗಳಿಗೆ ಬಳಕೆಯಾಗುವ ಪೋಲಾರ್ ಸಂಕೇತಗಳನ್ನು ಕಂಡುಹಿಡಿದ ಎರ್ದಾಲ್ ಅರಿಕನ್ ಒಂದು ಕಾಲಕ್ಕೆ ಗ್ಯಾಲಗರ್ ಅವರ ವಿದ್ಯಾರ್ಥಿಯಾಗಿದ್ದರು ಎಂಬುದನ್ನು ಇಲ್ಲಿ ಸೇರಿಸಲೇಬೇಕು. 1960ರ ಆ ಪ್ರಬಂಧವನ್ನು ಅದು ಬಂದು ಹತ್ತು ವರ್ಷದ ಹೊತ್ತಿಗೆ ಯಾರಾದರೂ ಬಳಕೆಯ ದೃಷ್ಟಿಯಿಂದ ತೂಗಿದ್ದರೆ ಸೋತಿದೆ ಎಂದೇ ಹೇಳುತ್ತಿದ್ದರು. ಅದನ್ನು ಕಾಪಾಡಿದ್ದು ಅದರ ಬರವಣಿಗೆ: ಲೇಖಕನನ್ನು ಕೇಳದೆಯೇ, ಆ ಪುಟಗಳನ್ನಷ್ಟೇ ಓದಿ, ಮುಂದಿನ ತಲೆಮಾರು ಅಲ್ಲಿಂದಲೇ ಕೆಲಸ ಮುಂದುವರಿಸಬಹುದಾಗಿತ್ತು.

ಕಂಪ್ಯೂಟರ್ ವ್ಯವಸ್ಥೆಗಳ ಸಂಶೋಧನೆಯಲ್ಲಿ ಇಂಥ ಗಣಿತದ ಮಿತಿಗಳು ಅಪರೂಪವಾದ್ದರಿಂದ ಹೋಲಿಕೆಗೆ ಯಾವುದನ್ನು ಆಧಾರವಾಗಿ ಇಟ್ಟುಕೊಳ್ಳುತ್ತೇವೆ ಎಂಬುದೇ ನಿರ್ಣಾಯಕ. “ನಮ್ಮ ವಿಧಾನ 10 ಪಟ್ಟು ವೇಗ” ಎಂಬ ವಾಕ್ಯ ಕಂಡಾಗ ಯಾವುದಕ್ಕಿಂತ, ಯಾವ ಭಾಗದಲ್ಲಿ ಎಂದು ಕೇಳಬೇಕು. ಕಾರ್ಯಕ್ರಮದ ಒಟ್ಟು ಸಮಯದಲ್ಲಿ 40 ಶೇಕಡಾ ತೆಗೆದುಕೊಳ್ಳುವ ಭಾಗವನ್ನು 10 ಪಟ್ಟು ವೇಗಗೊಳಿಸಿದರೆ ಒಟ್ಟು ಸಮಯ 100ರಿಂದ 64ಕ್ಕೆ ಇಳಿಯುತ್ತದೆ, ಅಂದರೆ ಒಟ್ಟು ವೇಗ ಹೆಚ್ಚುವುದು ಸುಮಾರು 1.56 ಪಟ್ಟು ಮಾತ್ರ. ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ಈ ಸರಳ ಲೆಕ್ಕ ಇಂದಿಗೂ ಅನೇಕ ಉತ್ಸಾಹಗಳಿಗೆ ಕಡಿವಾಣ ಹಾಕುತ್ತದೆ. ಹಾಗೆಯೇ ಹಳೆಯ ವಿಧಾನವನ್ನು ಹದಗೊಳಿಸದೆ ಹೊಸದನ್ನು ಮಾತ್ರ ತಿಂಗಳುಗಟ್ಟಲೆ ಹದಗೊಳಿಸಿ ಹೋಲಿಸುವುದು ಮೋಸವೆನಿಸದಿದ್ದರೂ ಸತ್ಯವಂತೂ ಅಲ್ಲ. ಎದುರಾಳಿ ವಿಧಾನದ ಮೇಲೂ ತನ್ನದರ ಮೇಲೆ ಸುರಿದಷ್ಟೇ ಶ್ರಮ ಸುರಿಯುವ ವಿದ್ಯಾರ್ಥಿಯ ಫಲಿತಾಂಶ ಚಿಕ್ಕದಾಗಿ ಕಂಡರೂ ಬಾಳಿಕೆ ಬರುತ್ತದೆ.

2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಅಲೆಕ್ಸ್ ಕ್ರಿಜೆವ್‌ಸ್ಕಿ ಮತ್ತು ಇಲ್ಯಾ ಸುಟ್ಸ್‌ಕೆವರ್, ಮಾರ್ಗದರ್ಶಕ ಜೆಫ್ರಿ ಹಿಂಟನ್ ಅವರೊಂದಿಗೆ, ಚಿತ್ರ ಗುರುತಿಸುವ ಸ್ಪರ್ಧೆಯಲ್ಲಿ 15.3 ಶೇಕಡಾ ದೋಷಪ್ರಮಾಣವನ್ನು ಸಾಧಿಸಿದಾಗ ಎರಡನೆಯ ಸ್ಥಾನದವರದು 26.2 ಶೇಕಡಾ ಇತ್ತು. ಅವರು ಬಳಸಿದ್ದು ತಲಾ 3 ಗಿಗಾಬೈಟ್ ಮೆಮೊರಿಯ ಎರಡು ಗ್ರಾಫಿಕ್ಸ್ ಕಾರ್ಡ್‌ಗಳನ್ನು. ಆ ಫಲಿತಾಂಶವನ್ನು ಯಾರೂ ತಳ್ಳಿಹಾಕಲಾಗಲಿಲ್ಲ, ಏಕೆಂದರೆ ಪರೀಕ್ಷೆಯ ಚಿತ್ರಗಳನ್ನೂ ಅಂಕ ಕೊಡುವ ಕ್ರಮವನ್ನೂ ಸ್ಪರ್ಧೆಯೇ ನಿಗದಿಪಡಿಸಿತ್ತು. ಇನ್ನು 2010ರಲ್ಲಿ ಬರ್ಕ್ಲಿಯಲ್ಲಿ ಕ್ರಿಸ್ಟೆ ಅಸನೊವಿಚ್, ವಿದ್ಯಾರ್ಥಿಗಳಾದ ಆಂಡ್ರ್ಯೂ ವಾಟರ್‌ಮನ್ ಮತ್ತು ಯುನ್ಸಪ್ ಲೀ ಅವರೊಂದಿಗೆ ಒಂದು ಬೇಸಿಗೆಯ ಕೆಲಸವೆಂದು ಆರಂಭಿಸಿದ ಪ್ರೊಸೆಸರ್ ಆದೇಶಗಳ ಪಟ್ಟಿಯೇ ರಿಸ್ಕ್-ಫೈವ್. ಪರವಾನಗಿಯ ಹಂಗಿಲ್ಲದೆ ಯಾರು ಬೇಕಾದರೂ ಪ್ರೊಸೆಸರ್ ಕಟ್ಟಿ ಪರೀಕ್ಷಿಸಬಹುದಾದ ನೆಲೆಯೊಂದು ಅದರಿಂದ ದೊರೆಯಿತು. ಇಂದು ಎಷ್ಟೋ ವಿದ್ಯಾರ್ಥಿಗಳ ಚಿಪ್‌ಗಳಲ್ಲಿ ಇರುವುದು ಅದೇ.

ಪದವಿಗಳ ನಡುವಿನ ವ್ಯತ್ಯಾಸವನ್ನು ಚಿಕ್ಕದಾಗಿ ಹೇಳಬಹುದು. ಸ್ನಾತಕೋತ್ತರ ಪ್ರಬಂಧದಲ್ಲಿ ಪ್ರಶ್ನೆಯನ್ನು ಹೆಚ್ಚಾಗಿ ಮಾರ್ಗದರ್ಶಕರೇ ಕೊಡುತ್ತಾರೆ, ವಿದ್ಯಾರ್ಥಿ ಒಂದೆರಡು ವರ್ಷದಲ್ಲಿ ಅದಕ್ಕೆ ಉತ್ತರ ಹುಡುಕುತ್ತಾನೆ. ಪಿಎಚ್‌ಡಿಯಲ್ಲಿ ಪ್ರಶ್ನೆಯನ್ನೂ ತಾನೇ ಕಂಡುಕೊಳ್ಳಬೇಕಾದ್ದರಿಂದ ಅವಧಿ ಸಾಮಾನ್ಯವಾಗಿ 4ರಿಂದ 6 ವರ್ಷಗಳಿಗೆ ಹಿಗ್ಗುತ್ತದೆ. ಈ ಕ್ಷೇತ್ರದ ಕೆಲವು ಭಾಗಗಳಲ್ಲಿ ನಿಯತಕಾಲಿಕಗಳಷ್ಟೇ, ಕೆಲವೊಮ್ಮೆ ಅವುಗಳಿಗಿಂತ ಹೆಚ್ಚಾಗಿ, ಸಮ್ಮೇಳನಗಳಿಗೆ ಬೆಲೆ. ಹಾಗಾಗಿ ವರ್ಷದ ಲಯವೇ ಸಮ್ಮೇಳನಗಳ ಕೊನೆಯ ದಿನಾಂಕಗಳಿಗೆ ಕಟ್ಟುಬಿದ್ದಿರುತ್ತದೆ. ಪ್ರಬಂಧಗಳನ್ನು ಹೆಸರು ತಿಳಿಸದ ವಿಮರ್ಶಕರು ಓದಿ ತೀರ್ಪು ಕೊಡುತ್ತಾರೆ, ಬಂದವುಗಳಲ್ಲಿ ಹೆಚ್ಚಿನವು ತಿರಸ್ಕೃತವಾಗುವುದು ದೊಡ್ಡ ಸಮ್ಮೇಳನಗಳ ವಾಡಿಕೆ.

ತಿರಸ್ಕಾರವು ಕೆಲಸದ ಭಾಗವೇ ಹೊರತು ಅದರ ಕೊನೆಯಲ್ಲ ಎಂಬುದಕ್ಕೆ ರಾಬರ್ಟ್ ಮೆಟ್‌ಕಾಫ್ ಅವರ ಪ್ರಸಂಗ ಸಾಕು. ಅವರ ಡಾಕ್ಟರೇಟ್ ಪ್ರಬಂಧವನ್ನು ಹಾರ್ವರ್ಡ್ 1972ರಲ್ಲಿ ಸಿದ್ಧಾಂತದ ಬಲ ಸಾಲದೆಂದು ಹಿಂದಿರುಗಿಸಿತು. ಆಗ ಜೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದ ಅವರು, ಹವಾಯಿಯ ಅಲೋಹಾ ರೇಡಿಯೊ ಜಾಲದ ಕುರಿತ ಪ್ರಬಂಧವನ್ನು ಓದಿ, ಒಂದೇ ಮಾರ್ಗವನ್ನು ಹಲವರು ಹಂಚಿಕೊಂಡಾಗ ಸಂದೇಶಗಳು ಡಿಕ್ಕಿಯಾಗುವ ಬಗೆಯ ಗಣಿತವನ್ನು ಪರಿಷ್ಕರಿಸಿ ತಮ್ಮ ಪ್ರಬಂಧಕ್ಕೆ ಸೇರಿಸಿದರು. 1973ರಲ್ಲಿ ಪದವಿ ದೊರೆಯಿತು. ಅದೇ ವರ್ಷ ಅದೇ ಚಿಂತನೆಯಿಂದ, ಕಂಪ್ಯೂಟರ್‌ಗಳನ್ನು ತಂತಿಯ ಮೂಲಕ ಜೋಡಿಸುವ ಈಥರ್‌ನೆಟ್ ರೂಪುಗೊಂಡಿತು. ಪರೀಕ್ಷಕರ ಆಕ್ಷೇಪ ನೋವು ಕೊಟ್ಟಿರಬೇಕು, ಆದರೆ ಕೆಲಸಕ್ಕೆ ಬೆನ್ನೆಲುಬಾದ ಗಣಿತ ಸೇರಿಕೊಂಡದ್ದು ಆ ಆಕ್ಷೇಪದ ನಂತರವೇ.

ಮಾರ್ಗದರ್ಶಕರ ಪಾತ್ರವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಒಳ್ಳೆಯ ಮಾರ್ಗದರ್ಶಕರು ಉತ್ತರಗಳನ್ನು ಕೊಡುವುದಕ್ಕಿಂತ ಹೆಚ್ಚಾಗಿ, ವಾರದ ಸಭೆಯಲ್ಲಿ ನಕ್ಷೆಯೊಂದನ್ನು ನೋಡಿ, ಈ ಬಿಂದು ಮಾತ್ರ ಉಳಿದವುಗಳಿಂದ ಏಕೆ ದೂರವಿದೆ, ಇದನ್ನು ಇನ್ನೊಂದು ವಿಧಾನದಿಂದ ಅಳೆದರೆ ಇದೇ ಬೆಲೆ ಬರುತ್ತದೆಯೇ, ಕೈಲೆಕ್ಕದ ಅಂದಾಜಿಗೂ ಇದಕ್ಕೂ ತಾಳೆಯಾಗುತ್ತದೆಯೇ ಎಂದು ಕೇಳುತ್ತಾರೆ. ಕಾಲಕ್ರಮದಲ್ಲಿ ಆ ಪ್ರಶ್ನೆಗಳನ್ನು ವಿದ್ಯಾರ್ಥಿ ತಾನೇ ತನಗೆ, ಸಭೆಗೆ ಮುಂಚೆಯೇ, ಕೇಳಿಕೊಳ್ಳತೊಡಗುತ್ತಾನೆ. ಆ ಬದಲಾವಣೆ ಆದಾಗ ತರಬೇತಿಯ ಮುಖ್ಯ ಭಾಗ ಮುಗಿದಿರುತ್ತದೆ, ಪ್ರಬಂಧ ಇನ್ನೂ ಅರ್ಧದಲ್ಲಿದ್ದರೂ ಸರಿಯೇ. ಮಾರ್ಗದರ್ಶಕರನ್ನು ಆರಿಸಿಕೊಳ್ಳುವ ಮೊದಲು ಅವರ ಹೆಸರಿನ ತೂಕವನ್ನಷ್ಟೇ ನೋಡದೆ, ಅವರ ಹಾಲಿ ವಿದ್ಯಾರ್ಥಿಗಳೊಡನೆ ಮಾತನಾಡಿ, ವಿಫಲವಾದ ಚಿಪ್‌ಗೂ ಹುಸಿಯಾದ ಊಹೆಗೂ ಆ ಗುಂಪಿನಲ್ಲಿ ಎಂಥ ಪ್ರತಿಕ್ರಿಯೆ ಸಿಗುತ್ತದೆಂದು ತಿಳಿದುಕೊಳ್ಳುವುದು ಅತ್ಯಗತ್ಯವೆಂದು ನಾನು ಬಲವಾಗಿ ನಂಬುತ್ತೇನೆ. ವೈಫಲ್ಯವನ್ನು ಮುಚ್ಚಿಡಬೇಕಾದ ವಾತಾವರಣದಲ್ಲಿ ಅಳತೆಗಳು ಪ್ರಾಮಾಣಿಕವಾಗಿ ಉಳಿಯುವುದು ಕಷ್ಟ.

ಕೊನೆಯ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕೇಳುವ ಪ್ರಶ್ನೆಗಳು, ಉಪಕ್ಷೇತ್ರ ಯಾವುದೇ ಇರಲಿ, ಕೆಲವೇ ಸಂಗತಿಗಳ ಸುತ್ತ ತಿರುಗುತ್ತವೆ. ಇದರಲ್ಲಿ ಹಿಂದಿನವರದೆಷ್ಟು, ನಿನ್ನದೆಷ್ಟು? ಈ ಸಂಖ್ಯೆ ಸರಿಯೆಂದು ನಿನಗೆ ಹೇಗೆ ಗೊತ್ತು? ಯಾವ ಸಂದರ್ಭದಲ್ಲಿ ಇದು ಕೆಲಸ ಮಾಡುವುದಿಲ್ಲ? ನಮ್ಮ ಪರಿವರ್ತಕದ ವಿದ್ಯಾರ್ಥಿನಿ ಈ ಕೊನೆಯ ಪ್ರಶ್ನೆಗೆ, ತಾಪಮಾನ ಬೇಗ ಬದಲಾದಾಗ ತನ್ನ ಡಿಜಿಟಲ್ ತಿದ್ದುಪಡಿ ಹೊಸ ಬೆಲೆಗಳನ್ನು ಕಲಿಯಲು ಇಷ್ಟು ಮಿಲಿಸೆಕೆಂಡು ಬೇಕಾಗುತ್ತದೆ, ಅಷ್ಟು ಹೊತ್ತು ನಿಖರತೆ ಒಂದು ಬಿಟ್‌ನಷ್ಟು ಕುಸಿಯುತ್ತದೆ ಎಂದು ನಕ್ಷೆ ತೋರಿಸಿ ಹೇಳಬಲ್ಲವಳಾದರೆ, ಪರೀಕ್ಷಕರು ಆ ನಕ್ಷೆಯನ್ನು ಅನುಬಂಧದಿಂದ ಮುಖ್ಯ ಅಧ್ಯಾಯಕ್ಕೆ ತರುವಂತೆ ಸೂಚಿಸಿ, ಸಣ್ಣಪುಟ್ಟ ತಿದ್ದುಪಡಿಗಳ ಪಟ್ಟಿಯೊಂದಿಗೆ ಪ್ರಬಂಧಕ್ಕೆ ಒಪ್ಪಿಗೆ ನೀಡುತ್ತಾರೆ. ಮುಂದೆ ಬರುವ ವಿದ್ಯಾರ್ಥಿ ತನ್ನ ಪ್ರಶ್ನೆಯನ್ನು ಹುಡುಕುವಾಗ ಮೊದಲು ತೆರೆಯುವ ಪುಟವೂ ಸಾಮಾನ್ಯವಾಗಿ ಅದೇ ಆಗಿರುತ್ತದೆ.